ದುಡಿಯುವ ಗೃಹಿಣಿಯ ದಣಿವು: ದಂಪತಿಗಳು ತಿಳಿಯಬೇಕಾದ ವಿಷಯ

ಯಲಹಂಕ, ಹೆಬ್ಬಾಳಗಳ ಆಚೆಯ ಹಳ್ಳಿಗಳಲ್ಲಿ ಬೆಳಗಿನ ಬಸ್ಸಿಗಾಗಿ ಊಟದ ಡಬ್ಬಿ ಹಿಡಿದು ನಿಂತಿರುವ ಹೆಂಗಸರನ್ನು ನೀವು ನೋಡಿರುವಿರಿ. ಅವರಲ್ಲಿ ಕೆಲವರು ಯಶವಂತಪುರ ದಾಟಿ ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಗಳಿಗೂ, ಕೆಲವರು ಆರ್.ಟಿ. ನಗರದ ಮನೆಗೆಲಸಕ್ಕೂ ಹೋಗುವವರು. 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆಯಿಂದ ಸರ್ಕಾರಿ ಬಸ್ಸಿನಲ್ಲಿ ಇವರಿಗೆ ಟಿಕೆಟ್ಟಿನ ಖರ್ಚು ತಪ್ಪಿತು. ದಾರಿಯ ದಣಿವು ಮಾತ್ರ ತಪ್ಪಲಿಲ್ಲ.

ಬಸ್ಸು ಹತ್ತುವ ವೇಳೆಗೆ ಈ ಹೆಂಗಸಿನ ಒಂದು ಪಾಳಿ ಮುಗಿದಿರುತ್ತದೆ. ಕಸ ಗುಡಿಸಿ, ನೀರು ತುಂಬಿ, ಅಡುಗೆ ಮಾಡಿ, ಮಕ್ಕಳನ್ನು ಶಾಲೆಗೆ ಅಣಿಗೊಳಿಸಿ ಆಕೆ ಹೊರಟಿರುತ್ತಾಳೆ. ಸಂಜೆ ಮನೆಗೆ ಮರಳಿದೊಡನೆ ಮತ್ತೊಂದು ಪಾಳಿ ಆರಂಭವಾಗುತ್ತದೆ. 2019ರಲ್ಲಿ ಕೇಂದ್ರ ಸರ್ಕಾರವು ಜನರ ಸಮಯದ ಬಳಕೆಯನ್ನು ಕುರಿತು ದೇಶಾದ್ಯಂತ ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ, ಗಂಡಸರು 97 ನಿಮಿಷಗಳನ್ನೂ ಅದಕ್ಕೆ ವ್ಯಯಿಸುತ್ತಿದ್ದರೆಂದು ಅದರಿಂದ ತಿಳಿದುಬಂದಿತು. ಮನೆಗೆಲಸಕ್ಕೆ ಕೈಯನ್ನೇ ಹಾಕದ ಗಂಡಸರು ಈ 97ರ ಲೆಕ್ಕಕ್ಕೆ ಸೇರಿಲ್ಲವೆಂಬುದನ್ನು ಓದುಗರು ಗಮನಿಸಬೇಕು.

ಮನಸ್ಸಿನ ಮೇಲೆ ಒತ್ತಡ ಬಿದ್ದಾಗ ಶರೀರವು ಅಪಾಯವನ್ನು ಎದುರಿಸಲು ಸಿದ್ಧವಾಗುತ್ತದೆ. ಎದೆಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಕೆಲಸ ಮುಗಿದ ಮೇಲೆ ವಿಶ್ರಾಂತಿ ದೊರೆತರೆ ಇದು ತಾನಾಗಿಯೇ ಇಳಿಯುವುದು. ವಿಶ್ರಾಂತಿಯೇ ಇಲ್ಲದೆ ದಿನಗಳು ಉರುಳಿದರೆ ನಿದ್ರೆ ಕೆಡುವುದು, ತಲೆನೋವು, ಕತ್ತು ಮತ್ತು ಭುಜಗಳ ನೋವು, ಹೊಟ್ಟೆಯುರಿ ಕಾಣಿಸಿಕೊಳ್ಳುವುವು; ಮುಟ್ಟಿನ ಕ್ರಮ ತಪ್ಪಲೂಬಹುದು. ಸಣ್ಣ ಮಾತಿಗೂ ಸಿಡುಕು, ಅಕಾರಣ ಅಳು ಬರುತ್ತವೆ. ‘ಸಂಪಾದಿಸುವ ಸೊಕ್ಕು’ ಎಂದು ಅತ್ತೆಯೋ ಗಂಡನೋ ಇದನ್ನು ಹಳಿಯುವುದುಂಟು. ಇದು ಸೊಕ್ಕಲ್ಲ, ಮನೋದೌರ್ಬಲ್ಯವೂ ಅಲ್ಲ. ಇಬ್ಬರು ಹೊರಬೇಕಾದ ಹೊರೆಯನ್ನು ಒಬ್ಬಳೇ ಹೊತ್ತುದರ ಫಲ.

ಆದರೆ ಎಲ್ಲ ದಣಿವೂ ಮನಸ್ಸಿನದಲ್ಲ. ಗರ್ಭಿಣಿಯಲ್ಲದ ಹೆಂಗಸಿನ 100 ಮಿಲಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಇದರಿಂದಲೂ ಸುಸ್ತು, ಏದುಸಿರು, ಬೇಸರ ಬರುತ್ತವೆ. ಥೈರಾಯ್ಡ್ ಗ್ರಂಥಿಯ ದೋಷದಿಂದಲೂ ಹೀಗಾಗಬಹುದು. ಆದಕಾರಣ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿರಿ. ಹೆಂಗಸರು ಹೇಳಿಕೊಳ್ಳಲು ನಾಚುವ ಇನ್ನೊಂದು ಸಂಗತಿಯಿದೆ. ಕೆಲಸದ ನಡುವೆ ಎದ್ದರೆ ಹೇಳಿದಷ್ಟು ಬಟ್ಟೆ ಮುಗಿಯದೆಂದು ಹೆದರಿ ಹಲವರು ನೀರನ್ನೇ ಕುಡಿಯುವುದಿಲ್ಲ, ಮೂತ್ರವನ್ನು ತಡೆದುಕೊಳ್ಳುತ್ತಾರೆ. ಇದರಿಂದ ಮೂತ್ರನಾಳಕ್ಕೆ ಸೋಂಕು ತಗಲುವುದು. ಉರಿಮೂತ್ರ, ಕಿಬ್ಬೊಟ್ಟೆ ನೋವು, ಚಳಿಜ್ವರ ಬಂದರೆ ವೈದ್ಯರಲ್ಲಿ ಮುಚ್ಚಿಡಬಾರದು.

ಹಣದ ಚಿಂತೆಯೂ ಕೆಲಸದಷ್ಟೇ ಭಾರ. 2016ರ ಏಪ್ರಿಲ್‌ನಲ್ಲಿ, ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲವೆಂಬ ನಿಯಮ ಬರಲಿದೆಯೆಂದು ತಿಳಿದಾಗ, ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಬೀದಿಗಿಳಿದರು. ಏಪ್ರಿಲ್ 19ರಂದು ಕೇಂದ್ರ ಸರ್ಕಾರವು ಆ ನಿಯಮವನ್ನು ಕೈಬಿಟ್ಟಿತು. ಕಷ್ಟಕಾಲಕ್ಕೆ ಕೈಗೆ ಸಿಗುವ ಹಣವೊಂದಿದೆ ಎಂಬ ಧೈರ್ಯ ಅವರಿಗೆ ಎಷ್ಟು ಮುಖ್ಯವಾಗಿತ್ತೆಂಬುದು ಇದರಿಂದ ತಿಳಿಯುತ್ತದೆ. ಸಂಬಳ ಬಂದ ದಿನ ದಂಪತಿಗಳು ಒಟ್ಟಿಗೆ ಕುಳಿತು ಲೆಕ್ಕ ಬರೆಯಿರಿ. ಆಕೆಯ ದುಡಿಮೆಯ ಹಣ ಯಾವುದಕ್ಕೆ ಹೋಯಿತೆಂಬುದು ಆಕೆಗೆ ತಿಳಿದಿರಲಿ. ಹೆಂಡದಂಗಡಿಗೆ ಹೋಗುವ ಹಣದ ವಿಷಯವನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ.

ಗಂಡನಾದವನು ‘ಸಹಾಯ ಮಾಡುತ್ತೇನೆ’ ಎಂದರೆ ಸಾಲದು. ಕೆಲವು ಕೆಲಸಗಳು ಅವನವೇ ಎಂದು ಗೊತ್ತುಮಾಡಿಕೊಳ್ಳಬೇಕು. ನೀರು ತುಂಬುವುದು, ಮಕ್ಕಳಿಗೆ ಸ್ನಾನ ಮಾಡಿಸುವುದು, ರಾತ್ರಿಯ ಪಾತ್ರೆ ತೊಳೆಯುವುದು ಇವನ್ನು ಅವನು ವಹಿಸಿಕೊಂಡರೆ ಆಕೆಗೆ ಒಂದು ಗಂಟೆಯ ನಿದ್ರೆ ಹೆಚ್ಚು ದೊರೆಯುವುದು. ಏಳು ಗಂಟೆ ನಿದ್ರೆ, ಬೆಳಗ್ಗೆ ಹೊರಡುವ ಮುನ್ನ ಮುದ್ದೆಯೋ ರೊಟ್ಟಿಯೋ ಹೊಟ್ಟೆಗೆ ಬೀಳುವುದು, ವಾರದಲ್ಲಿ ಒಮ್ಮೆ ತವರಿನವರೊಡನೆಯೋ ಗೆಳತಿಯರೊಡನೆಯೋ ಮಾತು, ಇವು ಔಷಧಕ್ಕಿಂತ ಮೊದಲು ಬೇಕಾದವು.

ಮತ್ತೆ ಬಸುರಾದೇನೆಂಬ ಭಯವೂ ಹಲವರ ನಿದ್ರೆಗೆಡಿಸುತ್ತದೆ. ಮಕ್ಕಳು ಸಾಕೆಂದು ಇಬ್ಬರೂ ನಿರ್ಧರಿಸಿದ್ದರೆ ಗಂಡಸಿನ ಸಂತಾನಹರಣ ಚಿಕಿತ್ಸೆ ಹೆಂಗಸಿನದಕ್ಕಿಂತ ಸರಳವಾದುದು. ಹೊಲಿಗೆ ಹಾಕದೆ ಮುಗಿಯುವ ಕ್ರಮವಿದೆ, ಅಂದೇ ಮನೆಗೆ ಮರಳಬಹುದು. ಪುರುಷತ್ವಕ್ಕೆ ಕುಂದಿಲ್ಲ. ಅನಂತರ ಮೂರು ತಿಂಗಳು ನಿರೋಧ್ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿಕೊಂಡು ಖಚಿತಪಡಿಸಿಕೊಳ್ಳಬೇಕು.

ಬೇಸರವು ಎರಡು ವಾರ ಕಳೆದರೂ ಬಿಡದಿದ್ದರೆ, ಊಟ, ಮಕ್ಕಳು, ಹಬ್ಬ ಯಾವುದರಲ್ಲಿಯೂ ಆಸಕ್ತಿ ಉಳಿಯದಿದ್ದರೆ ಅದು ಖಿನ್ನತೆಯಾಗಿರಬಹುದು. ಗುಣವಾಗುವ ಕಾಯಿಲೆ ಇದು. ಮನಸ್ಸಿನ ಕಾಯಿಲೆಗೆ ಹಳ್ಳಿಯ ಸಮೀಪದಲ್ಲಿಯೇ ಚಿಕಿತ್ಸೆ ನೀಡಬಹುದೆಂಬುದನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಅನುಭವವೇ ಮಾದರಿ. ಆದುದರಿಂದ ದೆವ್ವ ಬಿಡಿಸುವವರ ಬಳಿ ಹಣ ಕಳೆಯದೆ ಆಶಾ ಕಾರ್ಯಕರ್ತೆಯನ್ನಾಗಲಿ ವೈದ್ಯರನ್ನಾಗಲಿ ಕಾಣಿರಿ.

‘ನಾನಿರಬಾರದು’, ‘ಸತ್ತರೆ ಸಾಕು’ ಎಂಬ ಮಾತು ಆಕೆಯ ಬಾಯಿಂದ ಬಂದರೆ ಅದನ್ನು ಬೆದರಿಕೆಯೆಂದು ತಳ್ಳಿಹಾಕಬೇಡಿರಿ. ಆಕೆಯನ್ನು ಒಂಟಿಯಾಗಿ ಬಿಡದೆ, ಗದರದೆ, ಹೇಳುವುದನ್ನು ಪೂರ್ಣವಾಗಿ ಕೇಳಿರಿ. ಮನೆಯಲ್ಲಿರುವ ಬೆಳೆಯ ಔಷಧಿಯ ಡಬ್ಬಿಗಳನ್ನು ಬೀಗ ಹಾಕಿ ದೂರವಿಡಿರಿ. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. 14416 ಎಂಬ ಟೆಲಿ-ಮಾನಸ್ ದೂರವಾಣಿಗೆ ಹಗಲಿರುಳು ಯಾವ ಹೊತ್ತಿನಲ್ಲಾದರೂ, ಕನ್ನಡದಲ್ಲಿಯೇ, ಖರ್ಚಿಲ್ಲದೆ ಮಾತನಾಡಬಹುದು. ಆಕೆಯೂ ಮಾಡಬಹುದು, ಆಕೆಯ ಪರವಾಗಿ ಗಂಡನೂ ಮಾಡಬಹುದು.