ಗುರುಸನ್ನಿಧಿ ಒದಗದೆಡೆ ವ್ರತಪಾಲನೆ: ಬೆನೆ ಇಸ್ರಾಯೇಲರ ದೃಷ್ಟಾಂತ

ವ್ರತವನ್ನು ಗುರುಸಾಕ್ಷಿಯಾಗಿ ಸ್ವೀಕರಿಸುವುದು ಶ್ರಾವಕಾಚಾರದ ಮರ್ಯಾದೆ. ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರ ಇದಕ್ಕೆ ಹಿರಿಯ ನಿದರ್ಶನ. ಗಂಗದೊರೆ ಇಮ್ಮಡಿ ಮಾರಸಿಂಹನು ಕ್ರಿ.ಶ. 974ರ ಸುಮಾರಿಗೆ ರಾಜ್ಯವನ್ನು ತೊರೆದು, ಅಜಿತಸೇನ ಭಟ್ಟಾರಕರ ಪಾದಸನ್ನಿಧಿಯಲ್ಲಿ ಮೂರು ದಿನ ಸಲ್ಲೇಖನವ್ರತವನ್ನಾಚರಿಸಿ ಸಮಾಧಿಮರಣವನ್ನು ಹೊಂದಿದುದು ಅಲ್ಲಿಯೇ ಎಂದು ಶ್ರವಣಬೆಳಗೊಳದ ಶಾಸನ ಸಾರುತ್ತದೆ. ಇಂದು ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಭಾಗದ ಎಷ್ಟೋ ಹಳ್ಳಿಗಳಲ್ಲಿ ಜೈನರ ಮನೆಗಳು ಬೆರಳೆಣಿಕೆಯವು. ಮುನಿಸಂಘದ ವಿಹಾರಭಾಗ್ಯ ಎಲ್ಲ ಊರುಗಳಿಗೂ ದೊರೆಯದು. ಅಂಥ ಕಡೆ ವ್ರತವು ಉಳಿಯುವುದೆಂತು? ಈ ಪ್ರಶ್ನೆಯನ್ನು ಶತಮಾನಗಳ ಕಾಲ ಎದುರಿಸಿದ ಇನ್ನೊಂದು ಅಲ್ಪಸಂಖ್ಯಾತ ಸಮಾಜದ ವೃತ್ತಾಂತವು ಮನನಯೋಗ್ಯವಾಗಿದೆ.

ಕೊಂಕಣ ತೀರದ ಯೆಹೂದ್ಯರಿಗೆ ಬೆನೆ ಇಸ್ರಾಯೇಲರೆಂದು ಹೆಸರು. ಅಲಿಬಾಗದ ಸಮೀಪದ ನವಗಾಂವ್ ಬಳಿ ಹಡಗು ಒಡೆದು, ಬದುಕುಳಿದ ಏಳು ಜನ ಗಂಡಸರು ಹಾಗೂ ಏಳು ಜನ ಹೆಂಗಸರೇ ತಮ್ಮ ಮೂಲಪುರುಷರೆಂಬುದು ಅವರ ಪರಂಪರೆಯ ನಂಬಿಕೆ. ಹಳ್ಳಿಹಳ್ಳಿಗಳಲ್ಲಿ ಚದುರಿ ಗಾಣದ ವೃತ್ತಿಯನ್ನು ಹಿಡಿದ ಇವರು ಶನಿವಾರ ಗಾಣ ಕಟ್ಟುತ್ತಿರಲಿಲ್ಲ. ಆದುದರಿಂದ ನೆರೆಯವರು ‘ಶನಿವಾರ ತೇಲಿ’ ಎಂದು ಕರೆದರು. ಅವರಲ್ಲಿ ರಬ್ಬಿ, ಎಂದರೆ ಯೆಹೂದ್ಯ ಧರ್ಮಗುರು, ಇರಲಿಲ್ಲ, ಗ್ರಂಥವೂ ಇರಲಿಲ್ಲ. ಹೀಬ್ರೂ ಮರೆತುಹೋಗಿ ಮರಾಠಿ ಮನೆಮಾತಾಯಿತು. ದೇವನೊಬ್ಬನೇ ಎಂದು ಸಾರುವ ‘ಶೆಮಾ’ ಪ್ರಾರ್ಥನೆಯಷ್ಟೇ ನಾಲಗೆಯ ಮೇಲೆ ಉಳಿಯಿತು.

ಆದರೂ ಉಪವಾಸ ಅಳಿಯಲಿಲ್ಲ. ಪ್ರಾಯಶ್ಚಿತ್ತದ ಮಹಾದಿನವನ್ನು ಅವರು ‘ದಾರಫಾಳಣಿಚಾ ಸಣ’, ಅಂದರೆ ಬಾಗಿಲು ಮುಚ್ಚುವ ಹಬ್ಬವೆಂದು ಕರೆದರು. ಅಂದು ಸ್ನಾನಮಾಡಿ, ಬಿಳಿಯ ವಸ್ತ್ರವನ್ನುಟ್ಟು, ಬಾಗಿಲು ಮುಚ್ಚಿಕೊಂಡು ನಿರಾಹಾರರಾಗಿರುತ್ತಿದ್ದರು. ಮರುದಿನ ಬಡವರಿಗೆ ದಾನ. ಜೆರುಸಲೇಮಿನ ದೇವಾಲಯ ನಾಶವಾದ ಶೋಕದ ಉಪವಾಸಕ್ಕೆ, ಪಾರಣೆಯಲ್ಲಿ ಉಣ್ಣುವ ಮೊಳಕೆಗಾಳಿನ ‘ಬಿರ್ಡೆ’ಯಿಂದಲೇ ಹೆಸರು ಬಂದಿತು. ಹೆಸರೂ ಅರ್ಥವೂ ಮಸುಕಾದುವು, ಆಚರಣೆ ನಿಂತಿತು. ಅದನ್ನು ಕಾಪಾಡಿದುದು ಗೃಹಿಣಿಯರ ಅಡುಗೆಮನೆ.

ಇಂಥ ಸಮಾಜಕ್ಕೆ ಡೇವಿಡ್ ರಹಾಬಿ ಎಂಬ ಗುರು ಬಂದನೆಂದು ಐತಿಹ್ಯ. ಆತನ ಕಾಲವನ್ನು ಕೆಲವರು ಸಾವಿರ ವರ್ಷಗಳಷ್ಟು ಹಿಂದಕ್ಕೊಯ್ದರೆ, ಕೆಲವರು 18ನೆಯ ಶತಮಾನದ ಕೊಚ್ಚಿಯ ರಹಾಬಿ ಮನೆತನದವನೆನ್ನುತ್ತಾರೆ. ಅವರು ನಿಜವಾಗಿ ಯೆಹೂದ್ಯರೇ ಎಂದು ಪರೀಕ್ಷಿಸಲು ಆತನು ಬಗೆಬಗೆಯ ಮೀನುಗಳನ್ನು ಅಡುಗೆಗೆ ಕೊಟ್ಟನಂತೆ. ತಮ್ಮ ಶಾಸ್ತ್ರಕ್ಕೆ ನಿಷಿದ್ಧವಾದ, ರೆಕ್ಕೆ-ಹುರುಪೆಗಳಿಲ್ಲದವನ್ನು ಸ್ತ್ರೀಯರು ಬೇರ್ಪಡಿಸಿ ಬದಿಗಿಟ್ಟರು. ಆ ಆಹಾರ ಅಹಿಂಸಾಧರ್ಮಕ್ಕೆ ಒಪ್ಪತಕ್ಕದ್ದಲ್ಲ. ಆದರೆ ಭಕ್ಷ್ಯಾಭಕ್ಷ್ಯವಿವೇಕವು ಗ್ರಂಥವಿಲ್ಲದೆಯೂ ತಾಯಿಯಿಂದ ಮಗಳಿಗೆ ಇಳಿದುಬಂದುದು ಗಮನಾರ್ಹ. ರಹಾಬಿಯು ಅವರ ಮರೆವನ್ನು ಹಳಿಯಲಿಲ್ಲ. ಉಳಿದುದರ ಮೇಲೆಯೇ ಕಟ್ಟಿದನು. ಮೂವರಿಗೆ ವಿದ್ಯೆ ಕಲಿಸಿ, ಊರೂರು ಸುತ್ತಿ ಸಂಸ್ಕಾರಗಳನ್ನು ನಡೆಸಲು ನೇಮಿಸಿದನು. ಇವರೇ ‘ಕಾಜಿ’ಗಳು.

ಕನ್ನಡನಾಡಿಗೂ ಈ ವೃತ್ತಾಂತದಲ್ಲಿ ಪಾಲುಂಟು. ಸವಣೂರಿನ ನವಾಬರೂ ಸಿಲುಕಿ ನಲುಗಿದ ಹೈದರ್-ಟಿಪ್ಪು ಕಾಲದ ಯುದ್ಧಗಳಲ್ಲಿ ಬೆನೆ ಇಸ್ರಾಯೇಲ್ ಸೈನಿಕರು ಮುಂಬಯಿ ಸೇನೆಯಲ್ಲಿದ್ದರು. ಅವರಲ್ಲಿ ಸ್ಯಾಮುಯೆಲ್ ದಿವೇಕರ್ ಮೈಸೂರಿನವರಿಗೆ ಸೆರೆಸಿಕ್ಕನು. ಬಿಡುಗಡೆಯಾದರೆ ಪ್ರಾರ್ಥನಾಮಂದಿರವನ್ನು ಕಟ್ಟಿಸುವೆನೆಂದು ಸಂಕಲ್ಪಿಸಿದನೆಂದು ಪ್ರತೀತಿ. ಪಾರಾದ ಆತನು 1796ರಲ್ಲಿ ಮುಂಬಯಿಯಲ್ಲಿ ಬೆನೆ ಇಸ್ರಾಯೇಲರ ಪ್ರಥಮ ಮಂದಿರವನ್ನು ನಿರ್ಮಿಸಿದನು. ಧರ್ಮಗ್ರಂಥದ ಸುರುಳಿಗಳನ್ನು ತರಲೆಂದು ಕೊಚ್ಚಿಗೆ ಹೋಗಿ, 1797ರಲ್ಲಿ ಅಲ್ಲಿಯೇ ತೀರಿಕೊಂಡನು. ತರುವಾಯ 19ನೆಯ ಶತಮಾನದಲ್ಲಿ ಕೊಚ್ಚಿಯಿಂದ ಬಂದ ಶಿಕ್ಷಕರು ಮರೆತ ಪ್ರಾರ್ಥನೆಗಳನ್ನು ಕಲಿಸಿದರು. ಆದರೂ ಇಸ್ರಾಯೇಲಿಗೆ ವಲಸೆಹೋದವರ ಯೆಹೂದ್ಯತ್ವವನ್ನು ಅಲ್ಲಿನ ಧರ್ಮಾಧಿಕಾರಿಗಳು ವಿವಾಹದ ವಿಷಯದಲ್ಲಿ ಶಂಕಿಸಿದರು. ಸಂಪೂರ್ಣ ಮಾನ್ಯತೆ ದೊರೆತುದು 1964ರಲ್ಲಿ.

ಇದರಿಂದ ಗ್ರಹಿಸಬೇಕಾದ ತತ್ತ್ವ ಸ್ಪಷ್ಟ. ಗುರುವಿಲ್ಲದ ಕಾಲದಲ್ಲಿ ಮನೆಯು ವ್ರತದ ಶರೀರವನ್ನು ಕಾಯುತ್ತದೆ. ಅದರ ಪ್ರಾಣವಾದ ಅರ್ಥವನ್ನು ಕಾಯಲು ಸ್ವಾಧ್ಯಾಯ ಬೇಕು. ಅರ್ಥವರಿಯದ ಉಪವಾಸ ಒಂದೆರಡು ತಲೆಮಾರಿಗೆ ಬರಿಯ ಲಂಘನವಾದೀತು. ಆದುದರಿಂದ ಎರಡೇ ಮನೆಗಳಿರುವ ಹಳ್ಳಿಯಲ್ಲಿಯೂ ಅಷ್ಟಮಿ-ಚತುರ್ದಶಿಗಳಂದು ಶ್ರಾವಕ-ಶ್ರಾವಿಕೆಯರು ಒಂದೆಡೆ ಕುಳಿತು ಓದಲಿ, ಜಿನಬಿಂಬದ ಮುಂದೆ ನಿಯಮ ಸ್ವೀಕರಿಸಲಿ, ‘ಈ ಉಪವಾಸವೇಕೆ?’ ಎಂದು ಕೇಳುವ ಮಗುವಿಗೆ ಉತ್ತರ ಹೇಳಬಲ್ಲವರೊಬ್ಬರು ಪ್ರತಿ ಊರಿನಲ್ಲಿಯೂ ಸಿದ್ಧರಾಗಲಿ. ಮುನಿಗಳ ಆಗಮನವಾದಾಗ ಅವರಿಗೆ ಕಟ್ಟಲು ತಳಹದಿ ದೊರೆಯುವುದು ಆಗಲೇ.