ಹೊಸ ಸಭೆ, ಹಳೆಯ ಕೀರ್ತನೆ

ಹಲಸೂರಿನ ಸಭೆ ಬಿಟ್ಟು ಕೆ.ಆರ್. ಪುರಕ್ಕೆ ಬಂದ ಮೇಲೆ ಗಿಟಾರ್, ಡ್ರಮ್ಸ್ ಸದ್ದಿನಲ್ಲಿ ಪ್ರಾರ್ಥನೆಗೆ ಮನಸ್ಸೇ ನಿಲ್ಲುತ್ತಿಲ್ಲ ಎಂದು ಬರೆದಿದ್ದೀರಿ. ಬಾಲ್ಯದಿಂದ ಕೂತ ಬೆಂಚು ಬಿಟ್ಟುಬರುವುದು ಸುಲಭವೇ? ಇದನ್ನು ವಿಶ್ವಾಸದ ಕೊರತೆ ಎಂದುಕೊಳ್ಳಬೇಡಿ.

ಹಿಂದೆ ನಮ್ಮ ಸಭೆಗಳೂ ಹೀಗೆ ಹೊಸದಕ್ಕೆ ಹೊಂದಿಕೊಂಡಿವೆ. ಬೆಂಗಳೂರಿನಲ್ಲಿ ಬ್ರಿಟಿಷ್ ಸೈನಿಕರಿಗೆಂದು 1851ರಲ್ಲಿ ಕಟ್ಟಿದ ಟ್ರಿನಿಟಿ ಚರ್ಚ್ ಆಂಗ್ಲಿಕನ್ನರದು. ಈಸ್ಟ್ ಪರೇಡ್ ಚರ್ಚ್ ವೆಸ್ಲಿಯನ್ನರದು. 1947ರ ಸೆಪ್ಟೆಂಬರ್ 27ರಂದು ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ ಹುಟ್ಟಿದಾಗ ಎರಡೂ ಒಂದೇ ಸಭೆಗೆ ಸೇರಿದವು. ಬಿಷಪ್ಪರಿಲ್ಲದೆ ನಡೆದುಬಂದಿದ್ದ ವೆಸ್ಲಿಯನ್ನರು ಬಿಷಪ್ಪರನ್ನು ಒಪ್ಪಿಕೊಂಡರು. ಇಂಥ ಹೊಂದಾಣಿಕೆ ಮಾತುಕತೆಯಿಂದಲೇ ಆಗುತ್ತದೆ. ಅಪೊಸ್ತಲರ ಕೃತ್ಯಗಳ 15ನೇ ಅಧ್ಯಾಯ ಓದಿ: ಯೆರೂಸಲೇಮಿನಲ್ಲಿ ಕೂಡಿದವರು ಬಹಳ ಚರ್ಚಿಸಿದ ಮೇಲೆಯೇ ಅನ್ಯಜನರಿಗೆ ಸುನ್ನತಿಯ ಹೊರೆ ಬೇಡವೆಂದರು.

ನೀವೂ ಬಾಯಿಬಿಟ್ಟು ಮಾತಾಡಿ. ಹಾಡಿನ ಅಭ್ಯಾಸಕ್ಕೆ ಹೋಗಿ, ಗಿಟಾರ್ ನುಡಿಸುವ ಹುಡುಗರಿಗೆ ನಿಮ್ಮ ಕೀರ್ತನೆಯೊಂದರ ರಾಗ ಹೇಳಿಕೊಡಿ, ಅವರದೊಂದನ್ನು ಕಲಿಯಿರಿ. ಸಭೆ ಬದಲಿಸುವ ಯೋಚನೆ ಈಗ ಬೇಡ.