ಕುರ್ಚಿ ಬದಲಾದ್ರೆ ಸಾಲೂ ಬದಲು: ಪಾಯಿಂಟರ್ ಕೀಲಿಯ ಮ್ಯಾಪ್

ನಮ್ಮ ತಂಡದವರೊಬ್ಬರು ಮಿಸಿಸಾಗಾದ ಒಂದು ಕಚೇರಿಯಲ್ಲಿ ಹಳೇ ವಿಂಡೋಸ್ ಪ್ರೋಗ್ರಾಂ ನೋಡ್ಕೊಳ್ತಾರೆ. ಒಂದು ದಿನ ಗ್ರಾಹಕರ ಫೋನ್: "ನಿನ್ನೆಯ ವರದಿಗೂ ಇವತ್ತಿನದಕ್ಕೂ ತಾಳೆ ಆಗ್ತಿಲ್ಲ, ಲೆಕ್ಕ ತಪ್ಪಿದೆಯಾ?" ಲೆಕ್ಕ ಸರಿಯಾಗೇ ಇತ್ತು. ಸಾಲುಗಳು ಮಾತ್ರ ಹಿಂದುಮುಂದಾಗಿದ್ದವು. ಯಾಕೆ?

ಆ ಪ್ರೋಗ್ರಾಂ ಬರೆದದ್ದು ಎಂಎಫ್‌ಸಿಯಲ್ಲಿ. ಮೈಕ್ರೋಸಾಫ್ಟ್ 1992ರಲ್ಲಿ ಹೊರತಂದ ಸಿ ಪ್ಲಸ್ ಪ್ಲಸ್ ಲೈಬ್ರರಿ ಇದು. ಅದರಲ್ಲಿ ಸಿ-ಮ್ಯಾಪ್-ಪಿಟಿಆರ್-ಟು-ಪಿಟಿಆರ್ ಅಂತ ಒಂದು ನಿಘಂಟು ಇದೆ. ಇಲ್ಲಿ ಕೀಲಿ ಅಂದ್ರೆ ಹೆಸರಲ್ಲ, ಮೆಮೊರಿಯ ವಿಳಾಸ.

ರಾಜ್ಯೋತ್ಸವದ ಸಭಾಂಗಣ ನೆನೆಸ್ಕೊಳ್ಳಿ. ಜನರನ್ನ ಹೆಸರಿನಿಂದ ಗುರುತಿಸದೆ ಕೂತ ಕುರ್ಚಿಯ ನಂಬರಿನಿಂದ ಗುರುತಿಸಿದ ಹಾಗೆ ಇದು. ಮುಂದಿನ ವರ್ಷ ಅದೇ ಜನ ಬೇರೆ ಕುರ್ಚಿಯಲ್ಲಿ ಕೂರ್ತಾರೆ. ಕುರ್ಚಿ ಹಿಡಿದು ಕರೆದರೆ ಕ್ರಮವೂ ಬೇರೆ.

ಮ್ಯಾಪ್ ಮಾಡೋದೂ ಅದನ್ನೇ. ವಿಳಾಸವನ್ನು 16ರಿಂದ ಭಾಗಿಸಿ, ಬಂದದ್ದನ್ನು ಡಬ್ಬಿಗಳ ಸಂಖ್ಯೆಯಿಂದ ಮತ್ತೆ ಭಾಗಿಸಿ, ಉಳಿದ ಶೇಷದ ಡಬ್ಬಿಗೆ ಹಾಕತ್ತೆ. ನಾವು ಹೇಳದಿದ್ರೆ ಡಬ್ಬಿಗಳು 17. ಎಲ್ಲವನ್ನೂ ನೋಡಬೇಕಾದ್ರೆ ಗೆಟ್-ಸ್ಟಾರ್ಟ್-ಪೊಸಿಷನ್ ಕರೆದು, ಸಿಕ್ಕ ಸ್ಥಾನ ಶೂನ್ಯ ಆಗೋವರೆಗೆ ಗೆಟ್-ನೆಕ್ಸ್ಟ್-ಅಸೋಕ್ ಕರೀತಾ ಹೋಗ್ತೀವಿ. ನಡಿಗೆ ಡಬ್ಬಿಯಿಂದ ಡಬ್ಬಿಗೆ, ಸೇರಿಸಿದ ಕ್ರಮದಲ್ಲಲ್ಲ. ಪ್ರೋಗ್ರಾಂ ಮತ್ತೆ ಶುರುವಾದಾಗ ವಿಳಾಸಗಳು ಬದಲಾಗಬಹುದು, ಹಾಗಾಗಿ ಕ್ರಮವೂ.

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ಗೆಟ್-ನೆಕ್ಸ್ಟ್-ಅಸೋಕ್ ಈಗಿನ ಜೋಡಿಯನ್ನು ಕೈಗೆ ಕೊಡುವಷ್ಟರಲ್ಲೇ ಸ್ಥಾನವನ್ನು ಮುಂದಿನ ಜೋಡಿಗೆ ಸರಿಸಿರತ್ತೆ. ಲೂಪಿನ ಒಳಗೆ ನಾವು ಆ ಮುಂದಿನದನ್ನೇ ಅಳಿಸಿದ್ವಿ ಅಂದ್ಕೊಳ್ಳಿ. ಈಗ ಸ್ಥಾನ ತೋರಿಸ್ತಿರೋದು ಖಾಲಿ ಮಾಡಿದ ಜಾಗವನ್ನ. ಪ್ರೋಗ್ರಾಂ ಕೆಲವು ದಿನ ಸುಮ್ಮನಿದ್ದು, ಒಂದು ದಿನ ಕುಸೀತದೆ. ಒಂದು ವಸ್ತುವನ್ನು ಅಳಿಸಿದಾಗ ಅದು ತನ್ನ ಸಂಗಾತಿಯನ್ನೂ ಅಳಿಸೋ ಕೋಡಲ್ಲಿ ಇದು ಕಣ್ಣಿಗೇ ಬೀಳಲ್ಲ.

ಹಾಗಾದ್ರೆ ಏನು ಮಾಡೋದು? ನಡೀವಾಗ ಅಳಿಸಬೇಡಿ. ಅಳಿಸಬೇಕಾದ ಕೀಲಿಗಳನ್ನು ಮೊದಲು ಪಟ್ಟಿ ಮಾಡಿ. ನಡಿಗೆ ಮುಗಿದ ಮೇಲೆ ಒಂದೊಂದನ್ನೂ ಲುಕಪ್‌ನಿಂದ "ಇನ್ನೂ ಇದೆಯಾ?" ಅಂತ ಕೇಳಿ, ಇದ್ರೆ ಮಾತ್ರ ತೆಗೀರಿ. ರಿಮೂವ್-ಆಲ್ ನಿಘಂಟನ್ನು ಮಾತ್ರ ಖಾಲಿ ಮಾಡತ್ತೆ. ಪಾಯಿಂಟರ್ ತೋರಿಸೋ ವಸ್ತುಗಳನ್ನು ಬಿಡುಗಡೆ ಮಾಡೋದು ನಮ್ಮದೇ ಕೆಲಸ.

ವರದಿಗೆ ಮದ್ದು ಇನ್ನೂ ಸರಳ. ಜೋಡಿಗಳನ್ನು ಒಂದು ಸಾಲಿಗೆ ನಕಲು ಮಾಡಿ, ಖಾತೆ ಸಂಖ್ಯೆಯ ಪ್ರಕಾರ ಜೋಡಿಸಿ, ಆಮೇಲೆ ಮುದ್ರಿಸಿದ್ರು. ಗ್ರಾಹಕರ ಫೋನ್ ನಿಂತಿತು.

ನಿಮ್ಮ ಕೋಡಲ್ಲೂ ಒಮ್ಮೆ ನೋಡಿ: ನೀವು ಕರೀತಿರೋದು ಮನುಷ್ಯನನ್ನೋ, ಕುರ್ಚಿಯನ್ನೋ? ಮುಂದಿನ ಕಂತಲ್ಲಿ ಸಿಗೋಣ.